ಶೆಡ್ಡಿನಲ್ಲಿ ನಿಂತ ಕಾರು ಮತ್ತೆ ರಸ್ತೆಗಿಳಿಯಬೇಕಾದರೆ...

ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಅಜ್ಜನ ಪ್ರೀಮಿಯರ್ ಪದ್ಮಿನಿ ಕಾರು ಹನ್ನೆರಡು ವರ್ಷಗಳಿಂದ ಟಾರ್ಪಾಲು ಹೊದ್ದು ನಿಂತಿತ್ತು. ಕಳೆದ ರಜೆಯಲ್ಲಿ ಗುಜರಿಯವರು ಬಂದು ಬೆಲೆ ಹೇಳಿ ಹೋದರು. ಅಜ್ಜ ಏನೂ ಮಾತಾಡಲಿಲ್ಲ. ಸಂಜೆ ನೋಡಿದರೆ ಕಾರಿನ ಬಾಗಿಲಿನ ಧೂಳು ಒರೆಸುತ್ತಿದ್ದರು. "ಹೊಸ ಬ್ಯಾಟರಿ ಹಾಕಿ ಸೆಲ್ಫ್ ಹೊಡೆದರೆ ಆಯಿತಲ್ಲ" ಎಂದ ಅಣ್ಣ. ಪರಿಚಯದ ಮೆಕ್ಯಾನಿಕ್ ತಡೆದರು: "ಹಾಗೇ ಸೆಲ್ಫ್ ಹೊಡೆದರೆ ಇಂಜಿನ್ ಹಾಳಾಗುತ್ತದೆ. ಬ್ರೇಕ್ ನೋಡದೆ ಓಡಿಸಿದರೆ ಜೀವಕ್ಕೇ ಅಪಾಯ." ಮುಂದಿನ ಒಂದು ತಿಂಗಳು ಅವರ ಪಕ್ಕದಲ್ಲಿ ನಿಂತು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಪದ್ಮಿನಿ ಮೂಲತಃ ಇಟಲಿಯ ಫಿಯೆಟ್ 1100. ಮುಂಬೈಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಈ ಕಾರಿಗೆ 1974ರಲ್ಲಿ ಪದ್ಮಿನಿ ಎಂಬ ಹೆಸರು ಬಂತು. 1089 ಸಿಸಿಯ ಪೆಟ್ರೋಲ್ ಇಂಜಿನ್, ಕಾರ್ಬೊರೇಟರ್, ನಾಲ್ಕು ಗೇರ್. ಇದರಲ್ಲಿ ಕಂಪ್ಯೂಟರ್ ಇಲ್ಲ. ಆದ್ದರಿಂದಲೇ ಕೆಟ್ಟದ್ದನ್ನು ಕಣ್ಣಿನಿಂದ ನೋಡಿ, ಕೈಯಿಂದ ಸರಿಪಡಿಸಬಹುದು.

ಮೊದಲ ಕೆಲಸ ಇಂಜಿನ್. ಬಹಳ ಕಾಲ ನಿಂತರೆ ಸಿಲಿಂಡರ್ ಗೋಡೆಯ ಮೇಲಿನ ಎಣ್ಣೆ ಇಳಿದುಹೋಗಿ, ತೇವಕ್ಕೆ ತುಕ್ಕು ಹಿಡಿದು, ಪಿಸ್ಟನ್ ರಿಂಗ್‌ಗಳು ಅಂಟಿಕೊಳ್ಳುತ್ತವೆ. ಆಗ ಬಲವಂತವಾಗಿ ತಿರುಗಿಸಿದರೆ ರಿಂಗ್ ಮುರಿಯಬಹುದು. ನಾವು ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೆ ಸ್ವಲ್ಪ ಎಣ್ಣೆ ಹಾಕಿ ಎರಡು ದಿನ ಬಿಟ್ಟೆವು. ನಂತರ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ ನಿಧಾನವಾಗಿ ತಿರುಗಿಸಿದಾಗ ಇಂಜಿನ್ ಸರಾಗವಾಗಿ ತಿರುಗಿತು. ಆಮೇಲೆ ಹಳೆಯ ಇಂಜಿನ್ ಆಯಿಲ್, ಫಿಲ್ಟರ್, ರೇಡಿಯೇಟರ್ ನೀರು ಎಲ್ಲವನ್ನೂ ಬದಲಿಸಿದೆವು. ಇಲಿಗಳು ಕಡಿದಿದ್ದ ವಯರುಗಳನ್ನೂ ಹೊಸದಾಗಿ ಹಾಕಿಸಿದೆವು.

ಎರಡನೆಯದು ಪೆಟ್ರೋಲ್. ಹಳೆಯ ಪೆಟ್ರೋಲಿನ ಹಗುರ ಅಂಶಗಳು ಆವಿಯಾಗಿ, ಉಳಿದದ್ದು ಅಂಟಿನಂತಾಗಿ ಕಾರ್ಬೊರೇಟರಿನ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಟ್ಯಾಂಕಿನ ತಳದಲ್ಲಿ ತುಕ್ಕು ಕೂರುತ್ತದೆ. ಹಾಗಾಗಿ ಟ್ಯಾಂಕ್ ಇಳಿಸಿ ತೊಳೆಯಲೇಬೇಕು. ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ. ಅದು ಹಳೆಯ ಕಾಲದ ರಬ್ಬರನ್ನು ಕೆಡಿಸುತ್ತದೆ, ತೇವವನ್ನೂ ಹೀರುತ್ತದೆ. ಆದ್ದರಿಂದ ಪೆಟ್ರೋಲ್ ಪೈಪುಗಳನ್ನು ಎಥೆನಾಲ್ ತಾಳುವಂಥವುಗಳಿಗೆ ಬದಲಿಸಬೇಕು.

ಬ್ಯಾಟರಿಯ ವಿಷಯ ನಮ್ಮ ರಸಾಯನಶಾಸ್ತ್ರ ಪುಸ್ತಕದಲ್ಲೇ ಇದೆ. ಚಾರ್ಜ್ ಇಳಿದಾಗ ಎರಡೂ ಫಲಕಗಳ ಮೇಲೆ ಸೀಸದ ಸಲ್ಫೇಟ್ ಉಂಟಾಗುತ್ತದೆ. ಹಾಗೆಯೇ ಬಿಟ್ಟರೆ ಅದು ಗಟ್ಟಿ ಹರಳಾಗಿ, ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ಹೊಸದು ಕೊಳ್ಳುವುದೇ ದಾರಿ.

ಎಲ್ಲಕ್ಕಿಂತ ಮುಖ್ಯ ಬ್ರೇಕ್. ಪಾಸ್ಕಲ್ ನಿಯಮ ಓದಿದ್ದೇವಲ್ಲ, ಇಲ್ಲಿ ಅದೇ ಕೆಲಸ ಮಾಡುತ್ತದೆ. ಪೆಡಲಿನ ಒತ್ತಡವನ್ನು ದ್ರವ ಚಕ್ರಗಳಿಗೆ ಮುಟ್ಟಿಸುತ್ತದೆ. ಆದರೆ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಒಳಗೆ ತುಕ್ಕು ಹಿಡಿಯುತ್ತದೆ, ದ್ರವದ ಕುದಿಯುವ ಬಿಂದುವೂ ಇಳಿಯುತ್ತದೆ. ಬಿಸಿಗೆ ಅದು ಕುದಿದು ಆವಿಯಾದರೆ ಪೆಡಲ್ ಒತ್ತಿದರೂ ಕಾರು ನಿಲ್ಲುವುದಿಲ್ಲ, ಏಕೆಂದರೆ ಆವಿ ಕುಗ್ಗುತ್ತದೆ, ದ್ರವ ಕುಗ್ಗುವುದಿಲ್ಲ. ಹಳೆಯ ಕಾರುಗಳಲ್ಲಿ ಹಲವಕ್ಕೆ ನಾಲ್ಕೂ ಚಕ್ರಕ್ಕೆ ಒಂದೇ ಲೈನ್. ಒಂದು ಪೈಪು ಒಡೆದರೆ ನಾಲ್ಕೂ ಬ್ರೇಕ್ ಹೋಯಿತು. ನಮ್ಮ ಕಾರಿನ ವೀಲ್ ಸಿಲಿಂಡರ್ ಬಿಚ್ಚಿದಾಗ ಒಳಗೆ ಕಂಡದ್ದು ಕೆಂಪು ಕೆಸರು. ಅಣ್ಣ ಅದನ್ನು ನೋಡಿ ಸುಮ್ಮನಾದ. ರಬ್ಬರು, ಪೈಪು, ಆಯಿಲ್ ಎಲ್ಲವೂ ಹೊಸದಾದವು.

ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ನೋಡಿ. 2309 ಎಂದಿದ್ದರೆ ಅದು 2009ರ 23ನೇ ವಾರ ತಯಾರಾದದ್ದು. ಕಚ್ಚು ಚೆನ್ನಾಗಿ ಕಂಡರೂ ಹಳೆಯ ರಬ್ಬರು ಗಟ್ಟಿಯಾಗಿ ಬಿರಿದಿರುತ್ತದೆ. ಓಟದಲ್ಲಿ ಸಿಡಿಯಬಹುದು.

ಕೊನೆಗೆ ಕಾಗದಪತ್ರ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ನಂತರ ಆರ್‌ಟಿಒದಲ್ಲಿ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಹಸಿರು ತೆರಿಗೆ, ವಿಮೆ, ಹೊಗೆ ತಪಾಸಣೆಯೂ ಬೇಕು. 50 ವರ್ಷ ದಾಟಿದ, ಮೂಲ ರೂಪ ಬದಲಾಗದ ವಾಹನಗಳಿಗೆ 2021ರಿಂದ ವಿಂಟೇಜ್ ನೋಂದಣಿ ಇದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಅಂಥ ವಾಹನವನ್ನು ದಿನನಿತ್ಯ ಓಡಿಸುವಂತಿಲ್ಲ.

ನಮ್ಮ ಪದ್ಮಿನಿಯ ಕಾಗದ ಇನ್ನೂ ಆಗಿಲ್ಲ, ಹಾಗಾಗಿ ಗೇಟು ದಾಟಿಲ್ಲ. ಆದರೆ ಕಳೆದ ಭಾನುವಾರ ಇಂಜಿನ್ ಚಾಲೂ ಆಯಿತು. ಅಜ್ಜ ಅಂಗಳದಲ್ಲೇ ಹತ್ತು ಅಡಿ ಮುಂದೆ ಓಡಿಸಿ ಬ್ರೇಕ್ ಒತ್ತಿದರು. ಕಾರು ನಿಂತಿತು. "ಓಡಿದ್ದಕ್ಕಿಂತ ಇದು ನಿಂತಿದ್ದು ನೋಡಿ ಸಮಾಧಾನ ಆಯಿತು" ಎಂದರು. ನಿಮ್ಮ ಮನೆಯಲ್ಲೂ ಇಂಥ ಕಾರೊಂದು ನಿಂತಿದ್ದರೆ, ಬ್ಯಾಟರಿ ತರುವ ಮೊದಲು ಮೆಕ್ಯಾನಿಕ್ ಒಬ್ಬರನ್ನು ಕರೆತನ್ನಿ.