ಮಲೇರಿಯಾ ಪ್ರತಿಜನಕಗಳ ವಿಶ್ಲೇಷಣೆ

ಮಲೇರಿಯಾ ಪ್ರತಿಜನಕಗಳ ವಿಶ್ಲೇಷಣೆ ಎಂದರೆ ಪ್ಲಾಸ್ಮೋಡಿಯಮ್ ಕುಲದ ಪರಾವಲಂಬಿಗಳಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯು ಗುರುತಿಸುವ ಪ್ರೋಟೀನುಗಳನ್ನು ಪ್ರಯೋಗಾಲಯದಲ್ಲಿ ಪತ್ತೆಹಚ್ಚಿ ಹೋಲಿಸುವ ವಿಧಾನ. ಮಂಗಗಳ ಮತ್ತು ಮನುಷ್ಯರ ಮಲೇರಿಯಾ ಪರಾವಲಂಬಿಗಳ ಪ್ರತಿಜನಕಗಳಲ್ಲಿ ಹೋಲಿಕೆಯಿದೆ. ಈ ಹೋಲಿಕೆ ಸಂಶೋಧನೆಗೆ ನೆರವಾಗಿದ್ದರೂ ರೋಗನಿರ್ಣಯದಲ್ಲಿ ಗೊಂದಲಕ್ಕೆ ಕಾರಣವಾಗಬಲ್ಲದು.

ದಕ್ಷಿಣ ಭಾರತದಲ್ಲಿ

ಇಲ್ಲಿ ಸಾಮಾನ್ಯವಾಗಿ ಕಾಣುವ ಬಾನೆಟ್ ಮಕಾಕ್ ಜಾತಿಯ ಕೋತಿಯು ಪ್ಲಾಸ್ಮೋಡಿಯಮ್ ಸೈನೊಮೊಲ್ಗಿ, ಇನುಯಿ ಮತ್ತು ಫ್ರಜೈಲ್ ಪ್ರಭೇದಗಳ ಸಹಜ ಆತಿಥೇಯ. 1960ರ ದಶಕದಲ್ಲಿ ನೀಲಗಿರಿಯಲ್ಲಿ ಅನಾಫಿಲಿಸ್ ಎಲಿಗನ್ಸ್ ಎಂಬ ಸೊಳ್ಳೆಯು ಮಂಗಗಳ ಮಲೇರಿಯಾವನ್ನು ಹರಡುವುದು ಕಂಡುಬಂದಿತು. ಕಟ್ಟೆಮಳಲವಾಡಿ ಗ್ರಾಮವಿರುವ ಹುಣಸೂರು ತಾಲೂಕು ಮತ್ತು ಹೆಗ್ಗಡದೇವನಕೋಟೆ ತಾಲೂಕುಗಳಿಗೆ ಹೊಂದಿಕೊಂಡಿರುವ ನಾಗರಹೊಳೆ ಅರಣ್ಯವೂ ನೀಲಗಿರಿ ಜೀವಗೋಳದ ಭಾಗವಾಗಿದೆ. ಕರ್ನಾಟಕದಲ್ಲಿ 'ಮಂಗನ ಕಾಯಿಲೆ' ಎಂದು ಕರೆಯಲಾಗುವ ಕ್ಯಾಸನೂರು ಅರಣ್ಯ ರೋಗವು ಇದಲ್ಲ. ಅದು ಉಣ್ಣೆಗಳಿಂದ ಹರಡುವ ವೈರಾಣು ರೋಗ.

ಸಂಶೋಧನೆಯ ಇತಿಹಾಸ

1932ರಲ್ಲಿ ಕಲ್ಕತ್ತದಲ್ಲಿ ರಾಬರ್ಟ್ ನೋಲೆಸ್ ಮತ್ತು ಬಿರಾಜ್ ಮೋಹನ್ ದಾಸ್ ಗುಪ್ತ ಅವರು ಮಂಗದ ಮಲೇರಿಯಾ ಪರಾವಲಂಬಿಯೊಂದು ಮನುಷ್ಯರಿಗೂ ಸೋಂಕು ತಗುಲಿಸಬಲ್ಲದೆಂದು ತೋರಿಸಿದರು. ಅದಕ್ಕೆ ಪ್ಲಾಸ್ಮೋಡಿಯಮ್ ನೋಲೆಸಿ ಎಂಬ ಹೆಸರು ಬಂದಿತು. 1965ರಲ್ಲಿ, ಇದೇ ಪರಾವಲಂಬಿಯು ರೀಸಸ್ ಕೋತಿಯ ದೇಹದಲ್ಲಿ ಮತ್ತೆ ಮತ್ತೆ ಹೆಚ್ಚಿದಾಗ ಸೋಂಕಿತ ರಕ್ತಕಣಗಳ ಮೇಲಿನ ಪ್ರತಿಜನಕ ಬದಲಾಗುತ್ತದೆಂದು ತಿಳಿದುಬಂದಿತು. ಹೀಗೆ ಪರಾವಲಂಬಿಯು ಮೊದಲು ಉತ್ಪತ್ತಿಯಾದ ಪ್ರತಿಕಾಯಗಳಿಂದ ತಪ್ಪಿಸಿಕೊಳ್ಳುತ್ತದೆ.

ಕೆಂಪು ರಕ್ತಕಣದ ಮೇಲಿನ ಪ್ರತಿಜನಕಗಳೂ ಮುಖ್ಯ. ಡಫಿ ಪ್ರತಿಜನಕವಿಲ್ಲದ ಮಾನವ ರಕ್ತಕಣಗಳನ್ನು ನೋಲೆಸಿಯು ಪ್ರವೇಶಿಸಲಾರದೆಂದು 1975ರಲ್ಲಿ ಕಂಡುಬಂದಿತು. ಪ್ಲಾಸ್ಮೋಡಿಯಮ್ ವೈವಾಕ್ಸ್‌ಗೂ ಈ ಪ್ರತಿಜನಕ ಅಗತ್ಯವೆಂಬುದಕ್ಕೆ ಮರುವರ್ಷ ಆಧಾರ ದೊರೆಯಿತು. ಸೊಳ್ಳೆಯಿಂದ ಬರುವ ಸ್ಪೋರೊಜಾಯಿಟ್ ಹಂತದ ಹೊರಮೈ ಪ್ರೋಟೀನಿನ ಅಧ್ಯಯನದಲ್ಲೂ ನೋಲೆಸಿಯನ್ನು ಬಳಸಲಾಯಿತು. ಪ್ಲಾಸ್ಮೋಡಿಯಮ್ ಫಾಲ್ಸಿಪ್ಯಾರಮ್‌ನ ಅದೇ ಬಗೆಯ ಪ್ರೋಟೀನನ್ನು ಆಧರಿಸಿದ ಆರ್‌ಟಿಎಸ್,ಎಸ್ ಲಸಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಶಿಫಾರಸು ಮಾಡಿತು.

ರೋಗನಿರ್ಣಯ

ಕ್ಷಿಪ್ರ ಪರೀಕ್ಷಾ ಪಟ್ಟಿಗಳು ರಕ್ತದಲ್ಲಿನ ಪ್ರತಿಜನಕಗಳನ್ನು ಗುರುತಿಸುತ್ತವೆ. ಎಚ್‌ಆರ್‌ಪಿ-2 ಪ್ರೋಟೀನು ಫಾಲ್ಸಿಪ್ಯಾರಮ್‌ನ ಸೂಚಕ. ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್ ಕಿಣ್ವವು ಎಲ್ಲ ಪ್ರಭೇದಗಳಲ್ಲೂ ಇರುವುದರಿಂದ ನೋಲೆಸಿಯ ಸೋಂಕು ಕೆಲವು ಪಟ್ಟಿಗಳಲ್ಲಿ ವೈವಾಕ್ಸ್ ಎಂದು ತೋರಬಹುದು. ಸೂಕ್ಷ್ಮದರ್ಶಕದಲ್ಲಿ ಅದು ಪ್ಲಾಸ್ಮೋಡಿಯಮ್ ಮಲೇರಿಯೆಯನ್ನು ಹೋಲುತ್ತದೆ. ಮಲೇರಿಯೆಯು 72 ಗಂಟೆಗಳಿಗೊಮ್ಮೆ ವೃದ್ಧಿಯಾದರೆ, ನೋಲೆಸಿಯು 24 ಗಂಟೆಗಳಿಗೊಮ್ಮೆ ವೃದ್ಧಿಯಾಗಿ ರೋಗವನ್ನು ಬೇಗ ಉಲ್ಬಣಗೊಳಿಸಬಲ್ಲದು. ಆದ್ದರಿಂದ ಪ್ರಭೇದವನ್ನು ಖಚಿತಪಡಿಸಲು ಪಿಸಿಆರ್ ಪರೀಕ್ಷೆ ಅಗತ್ಯ. 2004ರಲ್ಲಿ ಮಲೇಷ್ಯಾದ ಸರವಾಕ್‌ನಲ್ಲಿ ಮಲೇರಿಯೆ ಎಂದು ಭಾವಿಸಲಾಗಿದ್ದ ಅನೇಕ ಪ್ರಕರಣಗಳು ನೋಲೆಸಿಯವೆಂದು ತಿಳಿದದ್ದು ಈ ಪರೀಕ್ಷೆಯಿಂದಲೇ.