ಆಗುಂಬೆಗೆ ಕೆಲಸಕ್ಕೆ ಬಂದವರು

ತೀರ್ಥಹಳ್ಳಿಯಿಂದ ಉಡುಪಿ ಕಡೆಗೆ ಹೊರಟ ಹೆದ್ದಾರಿ ಮಲೆನಾಡಿನ ಅಂಚು ಮುಟ್ಟಿ, ಇನ್ನು ಇಳಿಯದೆ ಬೇರೆ ದಾರಿಯಿಲ್ಲ ಎನ್ನುವಲ್ಲಿ ಆಗುಂಬೆ ಇದೆ. ಊರು ದಾಟುತ್ತಿದ್ದಂತೆ ಹದಿನಾಲ್ಕು ತಿರುವುಗಳ ಘಾಟಿ. ಅದನ್ನಿಳಿದು ಸೋಮೇಶ್ವರ ಸೇರುವಷ್ಟರಲ್ಲಿ ಗಾಳಿಯೂ ಬೇರೆ, ಜನರ ಮಾತಿನ ಧಾಟಿಯೂ ಬೇರೆ. ಪ್ರವಾಸಿಗರಿಗೆ ಇದು ಸೂರ್ಯಾಸ್ತದ ಊರು. ದೂರದರ್ಶನದ ಕಾಲದವರಿಗೆ ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದ ಊರು. ಕಳೆದ ಎರಡು ದಶಕಗಳಿಂದ ಇಲ್ಲಿಗೆ ಇನ್ನೊಂದು ಬಗೆಯ ಜನರೂ ಬರುತ್ತಿದ್ದಾರೆ. ಇವರು ಸಂಜೆಯ ಬಣ್ಣ ನೋಡಿ ವಾಪಸಾಗುವವರಲ್ಲ. ನಗರದ ಮನೆ ಖಾಲಿ ಮಾಡಿ, ಕಾಡಿನಲ್ಲಿ ನಡೆಯುವುದನ್ನೇ ಉದ್ಯೋಗ ಮಾಡಿಕೊಂಡು ಇಲ್ಲಿ ನೆಲೆಸಲು ಬಂದವರು. ಹಾವಿನ ಸಂಶೋಧಕರು, ಕಪ್ಪೆ ಮತ್ತು ಶಿಲೀಂಧ್ರಗಳ ಅಧ್ಯಯನಕಾರರು, ಸಂಶೋಧನಾ ಕೇಂದ್ರಗಳ ಕ್ಷೇತ್ರ ಸಹಾಯಕರು, ಚಾರಣದ ಮಾರ್ಗದರ್ಶಕರು ಈ ಗುಂಪಿನಲ್ಲಿದ್ದಾರೆ.

ಅವರನ್ನು ಮೊದಲು ಎದುರುಗೊಳ್ಳುವುದು ಮಳೆ. ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದ ಈ ಊರಿಗೆ ಅರಬ್ಬಿ ಸಮುದ್ರದ ಮೋಡಗಳು ನೇರವಾಗಿ ಬಂದು ತಾಕುತ್ತವೆ. ವರ್ಷದ ಸರಾಸರಿ ಮಳೆ ಸುಮಾರು 7,600 ಮಿಲಿಮೀಟರ್. 1946ರ ಆಗಸ್ಟ್ ಒಂದೇ ತಿಂಗಳಲ್ಲಿ 4,508 ಮಿಲಿಮೀಟರ್ ಸುರಿದ ದಾಖಲೆಯಿದೆ. ಇತ್ತೀಚಿನ ಕೆಲವು ವರ್ಷಗಳಲ್ಲಿ ಹೊಸನಗರ ತಾಲ್ಲೂಕಿನ ಹುಲಿಕಲ್ಲು ಆಗುಂಬೆಯನ್ನು ಮೀರಿಸಿದ್ದುಂಟು. ಹಾಗಂತ ಆಗುಂಬೆಯ ಮಳೆಯಲ್ಲಿ ಬದುಕುವವರಿಗೆ ಏನೂ ಕಡಿಮೆಯಾಗಿಲ್ಲ. ಆರಿದ್ರೆ ಹಿಡಿಯಿತೆಂದರೆ ಆಶ್ಲೇಷ ಮುಗಿಯುವವರೆಗೆ ಒಗೆದ ಬಟ್ಟೆ ತಾನಾಗಿ ಒಣಗುವ ಮಾತಿಲ್ಲ. ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಹೊಗೆಯಲ್ಲಿ ಒಣಗಿಸಬೇಕು. ಕ್ಯಾಮೆರಾದ ಗಾಜಿನೊಳಗೆ ಬೂಸ್ಟು ಬೆಳೆಯುತ್ತದೆ, ಪುಸ್ತಕದ ಪುಟಗಳು ಅಂಟಿಕೊಳ್ಳುತ್ತವೆ, ಬೂಟಿನ ಚರ್ಮ ಹಸಿರು ಬರುತ್ತದೆ. ಕಾಲಿಟ್ಟಲ್ಲೆಲ್ಲ ಇಂಬಳ. ಊರಿನವರು ಹೊಗೆಸೊಪ್ಪು, ಸುಣ್ಣ, ಉಪ್ಪು ಹಚ್ಚಿಕೊಂಡು ತೋಟಕ್ಕೆ ಇಳಿಯುತ್ತಾರೆ. ನಗರದಿಂದ ಬಂದವರು ಮೊಣಕಾಲುದ್ದದ ಕಾಲುಚೀಲ ಹಾಕಿ ಬರುತ್ತಾರೆ, ಒಂದು ಮಳೆಗಾಲ ಕಳೆದ ಮೇಲೆ ಅವರೂ ಸುಣ್ಣದ ಡಬ್ಬಿ ಹಿಡಿಯುತ್ತಾರೆ.

ಇಲ್ಲಿನ ಕಾಡಿನ ಕೆಲಸಕ್ಕೆ ಈಗಿನ ರೂಪ ಕೊಟ್ಟವರು ರೋಮುಲಸ್ ವಿಟೇಕರ್. ಮದ್ರಾಸಿನ ಹಾವಿನ ಉದ್ಯಾನ ಮತ್ತು ಮೊಸಳೆ ಬ್ಯಾಂಕ್ ಕಟ್ಟಿದ ಅವರು 1970ರ ದಶಕದ ಆರಂಭದಲ್ಲೇ ಕಾಳಿಂಗ ಸರ್ಪ ಹುಡುಕಿಕೊಂಡು ಆಗುಂಬೆಗೆ ಬಂದಿದ್ದರು. 2005ರಲ್ಲಿ ವಿಟ್ಲಿ ಪ್ರಶಸ್ತಿ ಬಂದಾಗ ಅದರ ಬಲದಿಂದ ಇಲ್ಲೇ ಆಗುಂಬೆ ಮಳೆಕಾಡು ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದರು. 2008ರಲ್ಲಿ ಕೇಂದ್ರ ಕೈಗೆತ್ತಿಕೊಂಡ ಕೆಲಸವಂತೂ ಕಾಳಿಂಗದ ಬಗೆಗಿನ ನಮ್ಮ ತಿಳಿವಳಿಕೆಯನ್ನೇ ಬದಲಿಸಿತು. ಪಶುವೈದ್ಯರು ಹಾವಿಗೆ ಶಸ್ತ್ರಚಿಕಿತ್ಸೆ ಮಾಡಿ ಮೈಯೊಳಗೆ ಪುಟ್ಟ ರೇಡಿಯೊ ಟ್ರಾನ್ಸ್‌ಮಿಟರ್ ಇಟ್ಟು ಕಾಡಿಗೆ ಬಿಡುವುದು, ಆಮೇಲೆ ತಂಡದವರು ಅದರ ಹಿಂದೆ ನಡೆಯುವುದು.

ಈ ‘ಹಿಂದೆ ನಡೆಯುವುದು’ ಎಂಬುದು ಎಂಥ ದುಡಿಮೆಯೆಂದು ಸ್ವಲ್ಪ ಬಿಡಿಸಿ ಹೇಳಬೇಕು. ಕಾಳಿಂಗ ಹಗಲು ತಿರುಗಾಡುವ ಹಾವು. ಅದು ಬೆಳಿಗ್ಗೆ ಬಿಲ ಬಿಟ್ಟು ಹೊರಡುವ ಮೊದಲೇ ತಂಡ ಅಲ್ಲಿರಬೇಕು. ಒಬ್ಬರ ಕೈಯಲ್ಲಿ ಆಂಟೆನಾ, ಇನ್ನೊಬ್ಬರ ಕೈಯಲ್ಲಿ ಟಿಪ್ಪಣಿ ಪುಸ್ತಕ. ರಿಸೀವರಿನ ಟಿಕ್ ಟಿಕ್ ಜೋರಾದರೆ ಹಾವು ಹತ್ತಿರದಲ್ಲಿದೆ ಎಂದರ್ಥ. ಹಾವಿಗೆ ಕಿರಿಕಿರಿಯಾಗದಷ್ಟು ದೂರ ಉಳಿಯಬೇಕು, ಕಣ್ಣು ತಪ್ಪುವಷ್ಟು ದೂರವೂ ಆಗಬಾರದು. ಅದು ಹಳ್ಳ ದಾಟಿದರೆ ಇವರೂ ದಾಟಬೇಕು. ಬಿದಿರ ಮೆಳೆ ಹೊಕ್ಕರೆ ಸುತ್ತುಬಳಸಿ ಆಚೆ ಬದಿಗೆ ಹೋಗಿ ಕಾಯಬೇಕು. ಕೆರೆಹಾವನ್ನು ನುಂಗಿ ಮಲಗಿದರೆ ದಿನಗಟ್ಟಲೆ ಮಿಸುಕುವುದಿಲ್ಲ, ಅಷ್ಟು ದಿನವೂ ಮಳೆಯಲ್ಲಿ ಕೂತು ‘ಚಲನೆ ಇಲ್ಲ’ ಎಂದೇ ಬರೆಯಬೇಕು. ಸಾಹಸ ಮಾಡಬೇಕೆಂದು ಬಂದ ಹುಡುಗರು ಬೇಸತ್ತು ಹೋಗುವುದು ಈ ಕೂರುವ ಕೆಲಸದಲ್ಲಿ.

ಆ ಕಾಯುವಿಕೆಯಿಂದಲೇ ದೊಡ್ಡದೊಂದು ವಿಷಯ ಹೊರಬಿತ್ತು. ಮನೆಯಲ್ಲಿ ಹಿಡಿದ ಕಾಳಿಂಗವನ್ನು ಚೀಲಕ್ಕೆ ಹಾಕಿ ದೂರದ ದಟ್ಟ ಕಾಡಿಗೆ ಬಿಟ್ಟುಬಂದರೆ ಪುಣ್ಯ ಬಂತು ಎಂದು ಎಲ್ಲರೂ ತಿಳಿದಿದ್ದರು. ರೇಡಿಯೊ ಅಳವಡಿಸಿ ಹಾಗೆ ದೂರ ಬಿಟ್ಟು ನೋಡಿದಾಗ, ಹಾವು ಒಂದು ನೆಲೆಯಲ್ಲಿ ನಿಲ್ಲದೆ ಮೈಲಿಗಟ್ಟಲೆ ಅಲೆದಾಡಿದ್ದು ಕಂಡಿತು. ಗೊತ್ತಿಲ್ಲದ ಜಾಗದಲ್ಲಿ ಅದಕ್ಕೆ ಬಿಲವಿಲ್ಲ, ಬೇಟೆಯ ಹಾದಿಯಿಲ್ಲ. ಹಾಗಾದರೆ ಅದನ್ನು ಹಿಡಿದಲ್ಲಿಗೆ ಹತ್ತಿರದಲ್ಲೇ ಬಿಡಬೇಕು. ಅಂದರೆ, ತನ್ನ ಹಿತ್ತಿಲಿನ ಹಾವನ್ನು ತನ್ನ ಹಿತ್ತಿಲಿನ ಆಚೆಗೇ ಬಿಡಲು ಆ ಮನೆಯಾಕೆ ಒಪ್ಪಬೇಕು.

ಆಗುಂಬೆಯ ಕೆಲಸದ ಅರ್ಧಭಾಗ ನಡೆಯುವುದು ಅಂಗಳಗಳಲ್ಲಿ ಎಂದು ನಾನು ಹೇಳುವುದು ಇದಕ್ಕೇ. ಕೊಟ್ಟಿಗೆಯಲ್ಲೋ ಸೌದೆ ರಾಶಿಯಲ್ಲೋ ಕಾಳಿಂಗ ಕಂಡರೆ ಫೋನು ಬರುತ್ತದೆ. ಹೋದವರು ಮೊದಲು ಮಾಡಬೇಕಾದದ್ದು ಹಾವು ಹಿಡಿಯುವುದಲ್ಲ, ಮನೆಯವರನ್ನು ಕೂರಿಸಿಕೊಂಡು ಮಾತಾಡುವುದು. ಬಿಟ್ಟರೆ ತಾನೇ ಹೋಗುತ್ತದೆ, ಇದು ಬಂದಿರುವುದು ನಿಮ್ಮ ಕೊಟ್ಟಿಗೆಯ ಹಾವುಗಳನ್ನು ತಿನ್ನಲಿಕ್ಕೆ, ಸ್ವಲ್ಪ ಹೊತ್ತು ನೋಡೋಣ ಎನ್ನುವುದು. ಇಲ್ಲಿನ ಜನ ನಾಗನಿಗೆ ತನಿ ಎರೆಯುವವರು, ಕಾಳಿಂಗವನ್ನು ಕೊಲ್ಲುವುದು ದೋಷ ಎಂದು ನಂಬಿದವರು. ಆ ನಂಬಿಕೆ ಇಲ್ಲದಿದ್ದರೆ ಯಾವ ಸಂಶೋಧನೆಯೂ ಇಲ್ಲಿ ನಿಲ್ಲುತ್ತಿರಲಿಲ್ಲ. ಆದರೂ ಅವರ ಭಯ ಸುಳ್ಳಲ್ಲ. ಭಾರತದಲ್ಲಿ ತಯಾರಾಗುವ ವಿಷನಿರೋಧಕ ಔಷಧಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಗಳ ವಿಷಕ್ಕೆ ಆಗುವಂಥದು. ಕಾಳಿಂಗದ ವಿಷಕ್ಕೆಂದೇ ಮಾಡಿದ ಔಷಧಿ ನಮ್ಮಲ್ಲಿ ತಯಾರಾಗುವುದಿಲ್ಲ. ಇದನ್ನು ತಿಳಿದೂ ಹಾವನ್ನು ಹತ್ತಿರದಲ್ಲೇ ಬಿಡಲು ಒಪ್ಪುವ ಮನೆಯವರ ಔದಾರ್ಯಕ್ಕೆ ನಾವು ಇನ್ನೂ ತಕ್ಕ ಗೌರವ ಕೊಟ್ಟಿಲ್ಲ.

2024ರಲ್ಲಿ ವಿಜ್ಞಾನಿಗಳ ತಂಡವೊಂದು ಕಾಳಿಂಗ ಸರ್ಪ ಒಂದೇ ಪ್ರಭೇದವಲ್ಲ, ನಾಲ್ಕು ಎಂದು ತೋರಿಸಿತು. ಪಶ್ಚಿಮಘಟ್ಟದ್ದಕ್ಕೆ ಓಫಿಯೋಫೇಗಸ್ ಕಾಳಿಂಗ ಎಂದು ಹೆಸರಿಟ್ಟಿತು. ಆ ಸಂಶೋಧನೆಯ ಮುಂಚೂಣಿಯಲ್ಲಿದ್ದ ಪಿ. ಗೌರಿಶಂಕರ್ ಆಗುಂಬೆಯ ಕೇಂದ್ರದಲ್ಲಿ ದುಡಿದವರು, ಬಳಿಕ ಇದೇ ಸೀಮೆಯಲ್ಲಿ ಕಾಳಿಂಗ ಮಳೆಕಾಡು ಕೇಂದ್ರ ಕಟ್ಟಿದವರು. ಹೀಗೆ ಬಂದು ಉಳಿದವರಿಂದ ಊರಿಗೆ ಒಳ್ಳೆಯದಾಗಿದೆ.

ಉಳಿಯುವುದು ಮಾತ್ರ ಸುಲಭವಿಲ್ಲ. ಕ್ಷೇತ್ರ ಸಹಾಯಕರ ಕೆಲಸ ಬಹುಪಾಲು ಯೋಜನೆಯ ಅವಧಿಗಷ್ಟೇ, ಸಂಬಳ ನಗರದ ಲೆಕ್ಕಕ್ಕೆ ಬಹಳ ಕಡಿಮೆ. ಆಗುಂಬೆ ಪೇಟೆಯಲ್ಲಿ ದಿನಸಿ, ಚಹಾ, ಊಟ ಸಿಗುತ್ತದೆ. ಅದಕ್ಕಿಂತ ಹೆಚ್ಚಿನದು ಬೇಕಾದರೆ ತೀರ್ಥಹಳ್ಳಿಗೋ ಹೆಬ್ರಿಗೋ ಹೋಗಬೇಕು. ದೊಡ್ಡ ಆಸ್ಪತ್ರೆಗೆ ಘಾಟಿ ಇಳಿದು ಮಣಿಪಾಲ. ಮಳೆಗಾಲದಲ್ಲಿ ಗುಡ್ಡ ಜಾರಿ ಘಾಟಿ ಮುಚ್ಚುವುದೂ ಇದೆ, ಆಗ ಸುತ್ತುದಾರಿಯೇ ಗತಿ. ಕರೆಂಟು ಹೋದರೆ ಯಾವಾಗ ಬರುತ್ತದೆಂದು ಇಲ್ಲಿ ಯಾರೂ ಕೇಳುವುದಿಲ್ಲ.

ಮಳೆ ನಿಂತ ಮೇಲೆ ಇನ್ನೊಂದು ಎಚ್ಚರಿಕೆ ಬೇಕು. 1957ರಲ್ಲಿ ಇದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ತೀರ್ಥಹಳ್ಳಿ ಸೀಮೆಯನ್ನೂ ಬಿಟ್ಟಿಲ್ಲ. ಡಿಸೆಂಬರಿನಿಂದ ಮೇವರೆಗೆ ತರಗೆಲೆಯ ಮೇಲಿನ ಉಣುಗಿನಿಂದ ಇದು ಹರಡುತ್ತದೆ. ಹಿಂದೆ ಹಾಕುತ್ತಿದ್ದ ಲಸಿಕೆ ಈಗ ನಿಂತಿದೆ. ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಹಚ್ಚಿಕೊಂಡು ಕಾಡಿಗೆ ಹೋಗುವುದು, ಬಂದ ಕೂಡಲೇ ಬಿಸಿನೀರು ಮೀಯುವುದು, ಬಟ್ಟೆಯನ್ನು ಬಿಸಿನೀರಿಗೆ ಹಾಕುವುದು, ಕಾಡಿನಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಇಲಾಖೆಗೆ ತಿಳಿಸುವುದು. ಇವನ್ನು ಹೊಸಬರಿಗೆ ಬಂದ ದಿನವೇ ಹೇಳಿಕೊಡಬೇಕು.

ಹೇಳಿಕೊಡುವವರು ಯಾರು? ನನ್ನ ಮಟ್ಟಿಗೆ ಈ ಊರಿನ ಅತಿ ಮುಖ್ಯ ಪ್ರಶ್ನೆ ಇದು. ಆಗುಂಬೆ ಮೀಸಲು ಅರಣ್ಯ, ಸೋಮೇಶ್ವರ ಅಭಯಾರಣ್ಯ, ಕುದುರೆಮುಖ ಇವೆಲ್ಲ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಪ್ರಪಂಚದ ಕಣ್ಣು ಇಲ್ಲಿಗೆ ಬಿತ್ತು. ಆದರೆ ಆ ಕಾಡಿನಲ್ಲಿ ಮುಂದೆ ನಡೆದು ದಾರಿ ಸವರುವವನು ಪಕ್ಕದ ಹಳ್ಳಿಯ ಹುಡುಗ. ಯಾವ ಮರಕ್ಕೆ ಮಂಗಟ್ಟೆ ಬರುತ್ತದೆ, ಸಿಂಗಳೀಕದ ಗುಂಪು ಹಲಸಿನ ಕಾಲದಲ್ಲಿ ಎತ್ತ ಸಾಗುತ್ತದೆ, ಅಡಕೆ ಮರದ ತೊಗಟೆಗೆ ಅಂಟಿಕೊಂಡಿರುವ ಹಾರುವ ಓತಿಯನ್ನು ಹೇಗೆ ಗುರುತಿಸುವುದು, ಇವೆಲ್ಲ ಅವನಿಗೆ ಗೊತ್ತು. ಅರಣ್ಯ ಇಲಾಖೆಯಲ್ಲಿ ಅಂಥವರು ದಿನಗೂಲಿ ವಾಚರುಗಳಾಗಿ ವರ್ಷಗಟ್ಟಲೆ ದುಡಿಯುತ್ತಾರೆ. ಸಂಶೋಧನೆಯಲ್ಲಾದರೆ ಅವರ ಹೆಸರು ಕೃತಜ್ಞತೆಯ ಸಾಲಿಗೆ ನಿಂತುಬಿಡುತ್ತದೆ. ಹೊರಗಿನಿಂದ ಬರುವವರು ಬರಲಿ, ಅವರ ಓದು ಮತ್ತು ಸಾಧನ ಈ ಕಾಡಿಗೆ ಬೇಕು. ಜೊತೆಗೆ ಊರಿನ ಹುಡುಗ ಹುಡುಗಿಯರಿಗೂ ಕಾಯಂ ಸಂಬಳ, ವಿಮೆ, ಓದುವ ಅವಕಾಶ ಸಿಗಬೇಕು. ಇಲ್ಲದಿದ್ದರೆ ಬೆಂಗಳೂರಿನವರು ಕಾಡಿನ ಕೆಲಸಕ್ಕೆ ಆಗುಂಬೆಗೆ, ಆಗುಂಬೆಯವರು ಸೆಕ್ಯೂರಿಟಿ ಕೆಲಸಕ್ಕೆ ಬೆಂಗಳೂರಿಗೆ ಎಂಬಂತಾಗುತ್ತದೆ. ಅದು ಈಗಾಗಲೇ ಆಗುತ್ತಿರುವುದು ನೋವಿನ ಸಂಗತಿ.

ಇಲ್ಲಿಗೆ ಬರಬೇಕೆಂದಿರುವವರು ಜುಲೈಯಲ್ಲಿ ಒಮ್ಮೆ ಬಂದು ಇದ್ದು ನೋಡಬೇಕು. ಡಿಸೆಂಬರಿನ ಮಂಜು ನೋಡಿ ನಿರ್ಧರಿಸಬಾರದು. ಕನ್ನಡ ಬಾರದವರು ಕಲಿಯಲೇಬೇಕು, ಬರುವವರು ಇಲ್ಲಿನವರ ಮಾತಿನ ನಿಧಾನವನ್ನು ಕಲಿಯಬೇಕು. ಹೋದ ಮನೆಯಲ್ಲಿ ಕಷಾಯ ಕೊಟ್ಟರೆ ಕುಡಿಯದೆ ಎದ್ದು ಬರಬಾರದು.

ಬೇಸಿಗೆಯ ಕೊನೆಗೆ ಹೆಣ್ಣು ಕಾಳಿಂಗ ಮೈಸುರುಳಿಯಿಂದ ತರಗೆಲೆ ಬಳಿದು ಗುಡ್ಡೆ ಮಾಡಿ ಮೊಟ್ಟೆಯಿಡುತ್ತದೆ. ಹೀಗೆ ಗೂಡು ಕಟ್ಟುವ ಹಾವು ಇದೊಂದೇ. ಮರಿ ಹೊರಬರುವವರೆಗೆ ಎರಡು ಮೂರು ತಿಂಗಳು ಬೇಕು, ತಾಯಿ ಅದಕ್ಕೆ ಮುಂಚೆಯೇ ಹೊರಟುಹೋಗುತ್ತದೆ. ಅಡಕೆ ತೋಟದ ಬದಿಯಲ್ಲಿ ಗೂಡಿದ್ದರೆ ಅಷ್ಟೂ ದಿನ ಅದನ್ನು ಕಾಯಬೇಕು. ಕೊಳೆರೋಗಕ್ಕೆ ಎರಡನೆಯ ಸಲ ಬೋರ್ಡೊ ದ್ರಾವಣ ಹೊಡೆಸುವ ಹೊತ್ತೂ ಅದೇ. ಔಷಧಿ ಹೊಡೆಯುವ ಆಳುಗಳು ಯಾವ ಕಡೆಯಿಂದ ಹೋಗಬೇಕು, ಗೂಡಿನ ಸುತ್ತಲಿನ ಮರಗಳನ್ನು ಯಾವಾಗ ಮುಗಿಸಬೇಕು, ಅಲ್ಲಿ ಕೊಳೆ ಬಂದರೆ ಏನು ಮಾಡುವುದು ಎಂದು ತೋಟದ ಯಜಮಾನರ ಜಗಲಿಯಲ್ಲಿ ಕೂತು ಮಾತಾಡಿ ತೀರ್ಮಾನಿಸುವುದೂ ಇಲ್ಲಿ ಕಾಡಿನ ಕೆಲಸವೇ.