ಕುದುರೆಗಳ ಲೆಕ್ಕ

ಮೂವತ್ತೊಂದು ವರ್ಷ ಕಾಲೇಜಿನ ಹುಡುಗರಿಗೆ ಭೌತಶಾಸ್ತ್ರ ಪಾಠ ಹೇಳಿದವನು ನಾನು. ಅಶ್ವಶಕ್ತಿಯೆಂದರೇನು ಎಂದು ಪರೀಕ್ಷೆಯಲ್ಲಿ ಎಷ್ಟು ಸಲ ಕೇಳಿದ್ದೇನೋ ನೆನಪಿಲ್ಲ. 33,000 ಪೌಂಡು ತೂಕವನ್ನು ಒಂದು ನಿಮಿಷದಲ್ಲಿ ಒಂದು ಅಡಿ ಎತ್ತುವ ಸಾಮರ್ಥ್ಯ, ಅಂದರೆ 746 ವ್ಯಾಟು, ಎಂದು ಬರೆದವರಿಗೆಲ್ಲ ಧಾರಾಳವಾಗಿ ಎರಡು ಅಂಕ ಕೊಟ್ಟಿದ್ದೇನೆ. ಆದರೆ ಒಂದು ಯಂತ್ರದ ಅಶ್ವಶಕ್ತಿಯನ್ನು ಅಳೆಯುವುದನ್ನು ಕಣ್ಣಾರೆ ಕಂಡದ್ದು ನಿವೃತ್ತನಾದ ಮೇಲೆ, ಬೆಂಗಳೂರಿನ ಹೊರವಲಯದ ಒಂದು ತಗಡಿನ ಷೆಡ್ಡಿನಲ್ಲಿ. ಅಲ್ಲಿಗೆ ನನ್ನನ್ನು ಕರೆದೊಯ್ದವನು ಅಕ್ಕನ ಮಗ. "ಮಾವ, ನೀವು ಬರಲೇಬೇಕು. ಲೆಕ್ಕ ನಿಮಗೆ ಅರ್ಥವಾಗುತ್ತದೆ, ನನಗೆ ಸಂಖ್ಯೆ ಸಿಕ್ಕರೆ ಸಾಕು" ಎಂದಿದ್ದ.

ಅಳೆಯಬೇಕಾಗಿದ್ದ ಯಂತ್ರ ನನಗೆ ಅಪರಿಚಿತವೇನಲ್ಲ. 1983ರಿಂದ ಆ ದಶಕದ ಕೊನೆಯವರೆಗೆ ನಮ್ಮ ದೇಶದಲ್ಲಿ ತಯಾರಾಗುತ್ತಿದ್ದ ರಾಜದೂತ್ 350. ಜಪಾನಿನ ಯಮಹಾ ಆರ್‌ಡಿ 350ರ ಭಾರತೀಯ ಅವತಾರ. ಎರಡು ಸಿಲಿಂಡರು, 347 ಘನ ಸೆಂಟಿಮೀಟರಿನ ಟೂ-ಸ್ಟ್ರೋಕ್ ಇಂಜಿನು, ಆರು ಗೇರು. ಜಪಾನಿನಲ್ಲಿ 39 ಕುದುರೆಗಳ ಬಲವಿದ್ದದ್ದು ನಮ್ಮಲ್ಲಿಗೆ ಬರುವಾಗ 30.5ಕ್ಕೆ ಇಳಿದಿತ್ತು, ಪೆಟ್ರೋಲಿನ ಮಿತವ್ಯಯಕ್ಕಾಗಿ ಮುಂದೆ 27ಕ್ಕೆ ಇಳಿಯಿತು. ಅಷ್ಟಾದರೂ ಆ ಕಾಲದ ನಮ್ಮ ರಸ್ತೆಗಳಲ್ಲಿ ಅದರ ಸರಿಸಮಕ್ಕೆ ಓಡುವುದು ಇನ್ನೊಂದಿರಲಿಲ್ಲ. ಭಾವ ಅದನ್ನು ಕೊಂಡ ದಿನ ಬೀದಿಯ ಹುಡುಗರೆಲ್ಲ ಗೇಟಿನ ಮುಂದೆ ನೆರೆದಿದ್ದರು. ನಾನೂ ಆ ಹುಡುಗರಲ್ಲಿ ಒಬ್ಬನೆಂದೇ ಹೇಳಬೇಕು, ವಯಸ್ಸು ಇಪ್ಪತ್ತಾರಾಗಿದ್ದರೂ.

ಅದು ಪೆಟ್ರೋಲು ಕುಡಿಯುವ ರೀತಿ ಮಾತ್ರ ಮಧ್ಯಮವರ್ಗದ ಮನೆಗೆ ಹೊಂದುವಂಥದಾಗಿರಲಿಲ್ಲ. ಇಂಜಿನಿಗೆ ಪೆಟ್ರೋಲನ್ನು ಅಳೆದು ಕೊಡುವುದು ಕಾರ್ಬ್ಯುರೇಟರಿನೊಳಗಿನ ಜೆಟ್ಟು ಎಂಬ ಹಿತ್ತಾಳೆಯ ತೂತು. ಎರಡು ಸಿಲಿಂಡರಿಗೂ ಎರಡು ಅಳತೆ ಕಿರಿದಾದ ಜೆಟ್ಟು ಹಾಕಿದರೆ ತಿಂಗಳಿಗೆ ಇಷ್ಟು ಉಳಿತಾಯವೆಂದು ಲೆಕ್ಕ ಹಾಕಿಕೊಟ್ಟವನು ನಾನೇ, ಹಾಕಿದವರು ಭಾವ. ಬೆಂಗಳೂರಿನಲ್ಲಿ ಎರಡು ವಾರ ಸೊಗಸಾಗಿ ಓಡಿತು. 1987ರ ಡಿಸೆಂಬರಿನಲ್ಲಿ ನಾವಿಬ್ಬರೂ ಮಂಗಳೂರಿಗೆ ಹೊರಟೆವು. ಶಿರಾಡಿ ಘಾಟಿ ಇಳಿದು, ನೆಲ್ಯಾಡಿ ದಾಟಿ, ನೇರ ರಸ್ತೆ ಸಿಕ್ಕಿದಾಗ ಭಾವ ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿದರು. ಒಂದೆರಡು ನಿಮಿಷವಾಗಿರಬೇಕು, ಎಡಗಡೆಯ ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಂಡಿತು. ಮೆಕ್ಯಾನಿಕ್ಕುಗಳು ಸೀಜ್ ಎನ್ನುವುದು ಇದನ್ನೇ. ಹಿಂದಿನ ಚಕ್ರ ಓಡುತ್ತಿದ್ದ ಹಾಗೆಯೇ ನಿಂತಿತು. ನಾನು ಅಡಕೆ ತೋಟದ ಅಂಚಿನ ಮಣ್ಣಿನಲ್ಲಿ ಬಿದ್ದೆ. ಭಾವನವರಿಗೆ ಬಿದ್ದ ಜಾಗ ಒಳ್ಳೆಯದಿರಲಿಲ್ಲ. ಅವರ ಎಡ ಮೊಣಕಾಲು ಅಂದಿನಿಂದ ಪೂರ್ತಿ ಮಡಚುವುದಿಲ್ಲ. ಊಟಕ್ಕೆ ನೆಲದ ಮೇಲೆ ಕೂರುವ ಮನೆಗಳಿಗೆ ಹೋಗುವುದನ್ನೇ ಬಿಟ್ಟಿದ್ದಾರೆ. ಈ ವಿಷಯವಾಗಿ ಅವರು ನನ್ನನ್ನು ಒಂದು ಮಾತೂ ಅಂದವರಲ್ಲ. ಅಂದಿದ್ದರೆ ಹಗುರಾಗುತ್ತಿತ್ತು.

ಮೂವತ್ತು ವರ್ಷಕ್ಕೂ ಮೇಲೆ ಗೋಣಿಚೀಲ ಹೊದ್ದು ಮಲಗಿದ್ದ ಆ ಗಾಡಿಯನ್ನು ಮಗ ಎಬ್ಬಿಸಿದ. ಸಿಲಿಂಡರು ಕೊರೆಸಿದ, ಹೊಸ ಪಿಸ್ಟನ್ನು ಹಾಕಿಸಿದ, ಬಣ್ಣ ಬಳಿಸಿದ. ಈಗ ಅದರ ಬಲ ಎಷ್ಟೆಂದು ತಿಳಿಯಬೇಕು ಅವನಿಗೆ. ಆಮೇಲೆ ಮಂಗಳೂರಿಗೆ ಹೋಗಬೇಕು, ಅದೇ ದಾರಿಯಲ್ಲಿ.

ಷೆಡ್ಡಿನ ನೆಲದಲ್ಲಿ ಒಂದು ದೊಡ್ಡ ಉಕ್ಕಿನ ಉರುಳೆ, ಅರ್ಧ ಹೂತಂತೆ. ಗಾಡಿಯ ಮುಂದಿನ ಚಕ್ರವನ್ನು ಕಬ್ಬಿಣದ ಹಿಡಿಯಲ್ಲಿ ಸಿಕ್ಕಿಸಿ, ನಾಲ್ಕು ಕಡೆಯೂ ಪಟ್ಟಿ ಬಿಗಿದು, ಹಿಂದಿನ ಚಕ್ರವನ್ನು ಉರುಳೆಯ ಮೇಲೆ ನಿಲ್ಲಿಸುತ್ತಾರೆ. ನಿಂತಲ್ಲೇ ಓಡುವ ಇಂಜಿನಿಗೆ ಎದುರುಗಾಳಿ ಎಲ್ಲಿಂದ ಬರಬೇಕು? ಅದಕ್ಕಾಗಿ ಮುಂದೆ ಆಳೆತ್ತರದ ಬೀಸಣಿಗೆ. ಇದೇ ಡೈನಮೋಮೀಟರು, ಷೆಡ್ಡಿನವರ ಬಾಯಲ್ಲಿ ಡೈನೋ. ಇದರ ಹಿರಿಯಜ್ಜ 1821ರಲ್ಲಿ ಫ್ರಾನ್ಸಿನ ಎಂಜಿನಿಯರು ಪ್ರೋನಿ ಮಾಡಿದ ಸಾಧನ. ತಿರುಗುವ ದಂಡಕ್ಕೆ ಮರದ ಹಲಗೆಗಳನ್ನು ಬಿಗಿದು ತಡೆಯುವುದು, ಆ ತಡೆಯನ್ನು ಉದ್ದನೆಯ ತೋಳಿನ ತುದಿಯಲ್ಲಿ ತೂಕವಿಟ್ಟು ತೂಗುವುದು: ಅಷ್ಟೇ. ಬ್ರೇಕ್ ಹಾರ್ಸ್‌ಪವರ್ ಎಂಬ ಮಾತು ಹುಟ್ಟಿದ್ದು ಹೀಗೆ ತಡೆದು ತೂಗುವ ಪದ್ಧತಿಯಿಂದ. ಈ ಷೆಡ್ಡಿನಲ್ಲಿದ್ದುದು ತಡೆಯುವುದಿಲ್ಲ. ಉರುಳೆಯ ಜಡತ್ವ ಎಷ್ಟೆಂದು ಮೊದಲೇ ಗೊತ್ತು. ಅದರ ವೇಗ ಎಷ್ಟು ಬೇಗ ಏರಿತೆಂದು ಗಣಕಯಂತ್ರ ಗುರುತಿಸಿ, ಅದರಿಂದ ಬಲವನ್ನು ಕಂಡುಹಿಡಿಯುತ್ತದೆ. ನ್ಯೂಟನ್ನಿನ ಎರಡನೆಯ ನಿಯಮ ಉಕ್ಕಿನ ವೇಷದಲ್ಲಿ ನನ್ನ ಮುಂದೆ ನಿಂತಿತ್ತು. ನನ್ನ ವಿದ್ಯಾರ್ಥಿಗಳಿಗೆ ಇದನ್ನು ತೋರಿಸಿದ್ದರೆ ಪಾಠ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತಲ್ಲ ಎನ್ನಿಸಿತು.

ಮೊದಲ ಓಟ. ಕಿವಿ ಮುಚ್ಚಿಕೊಂಡರೂ ಶಬ್ದ ಎದೆಯೊಳಗಿನಿಂದ ಬಂತು. ತೆರೆಯ ಮೇಲೆ ಗೆರೆಯೊಂದು ಎದ್ದು, ಬಾಗಿ, ಇಳಿಯಿತು. ಶಿಖರ 25.8.

ಹುಡುಗನ ಮುಖ ಬಾಡಿತು. ಪುಸ್ತಕದಲ್ಲಿ 30.5 ಎಂದಿದೆಯಲ್ಲ! ಪುಸ್ತಕದ ಸಂಖ್ಯೆ ಇಂಜಿನಿನ ದಂಡದ್ದು, ಇದು ಚಕ್ರದ್ದು, ನಡುವೆ ಗೇರು ಚೈನು ಟೈರುಗಳು ತಮ್ಮ ಪಾಲು ತಿನ್ನುತ್ತವೆ ಎಂದು ಡೈನೋದ ಯುವಕ ಸಮಾಧಾನ ಹೇಳಿದ. ನಾನು ನೋಡುತ್ತಿದ್ದುದು ಮೂಲೆಯಲ್ಲಿದ್ದ ಇನ್ನೊಂದು ಸಂಖ್ಯೆಯನ್ನು: 23.5. ಅದೇನೆಂದು ಕೇಳಿದೆ. ಅದು ತಿದ್ದದ ಸಂಖ್ಯೆಯಂತೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಮೇಲಿದೆ. ಇಲ್ಲಿಯ ಗಾಳಿ ತೆಳು. ಇಲ್ಲಿ ಅಳೆದದ್ದನ್ನು ಬೇರೆ ಊರಿನ ಅಳತೆಯೊಡನೆ ಹೋಲಿಸಲು ಬರಬೇಕೆಂದು 25 ಡಿಗ್ರಿ ಉಷ್ಣತೆ, 99 ಕಿಲೋಪ್ಯಾಸ್ಕಲ್ ಒತ್ತಡಕ್ಕೆ ಸರಿಹೊಂದಿಸಿ ನೂರಕ್ಕೆ ಹತ್ತರ ಆಸುಪಾಸು ಸೇರಿಸುತ್ತಾರೆ. ನಾವು ಕೃಪಾಂಕ ಕೊಡುತ್ತಿದ್ದೆವಲ್ಲ, ಹಾಗೆ. ಹೋಲಿಕೆಗೆ ಇದು ನ್ಯಾಯವೇ. ಆದರೆ 25.8 ಬೆಂಗಳೂರಿನ ಯಾವ ರಸ್ತೆಯಲ್ಲೂ ಇಲ್ಲದ ಬಲ. ಹೆಚ್ಚುಕಡಮೆ ಮಂಗಳೂರಿನಲ್ಲಿ ಇರಬಹುದಾದ ಬಲ. ಆ ಸೂತ್ರ ಗಾಳಿಯನ್ನು ತಿದ್ದುತ್ತದೆ, ಜೆಟ್ಟನ್ನು ತಿದ್ದುವುದಿಲ್ಲ. ಇಲ್ಲಿಯ ಜೆಟ್ಟು ಅಲ್ಲಿಗೂ ಒಪ್ಪಿದರೆ ತಾನೆ ಆ ಬಲ? ನನಗೆ ನೆಲ್ಯಾಡಿಯ ರಸ್ತೆ ಕಣ್ಣಿಗೆ ಕಟ್ಟಿತು. ಮಾತಾಡಲಿಲ್ಲ.

ಶಿಖರದ ಸಂಖ್ಯೆಗಿಂತ ಗೆರೆಯ ಆಕಾರ ಹೆಚ್ಚು ಹೇಳುತ್ತದೆಂಬುದು ಮುಂದಿನ ಒಂದು ಗಂಟೆಯಲ್ಲಿ ತಿಳಿಯಿತು. ದಿನನಿತ್ಯದ ಸವಾರಿಯಲ್ಲಿ ಆಕ್ಸಿಲರೇಟರು ಪೂರ್ತಿ ತಿರುಗುವುದು ಎಷ್ಟು ಹೊತ್ತು? ಅರ್ಧ ತಿರುಗಿಸಿ ಓಡಿಸಿದಾಗ ನಿಮಿಷಕ್ಕೆ 5,000 ಸುತ್ತುಗಳ ಹತ್ತಿರ ಗೆರೆ ಹೊಂಡಕ್ಕೆ ಬಿದ್ದಂತೆ ಕುಸಿಯಿತು. ಸೈಲೆನ್ಸರಿನ ಬಾಯಲ್ಲಿಟ್ಟ ಆಮ್ಲಜನಕದ ಸಂವೇದಕ ಅಲ್ಲಿ ಪೆಟ್ರೋಲು ಅತಿಯಾಗಿದೆ ಎಂದಿತು. ಅರ್ಧ ತೆರೆದಾಗ ಪೆಟ್ರೋಲನ್ನು ಆಳುವುದು ಜೆಟ್ಟಲ್ಲ, ಅದರೊಳಗೆ ಇಳಿಬಿಟ್ಟ ಮೊನಚು ಸೂಜಿ. ಸೂಜಿಯನ್ನು ಒಂದು ಗಾಡಿಯಷ್ಟು ಕೆಳಗಿಳಿಸಿದರು, ಹೊಂಡ ತುಂಬಿತು. ಶಿಖರ ಕದಲಲಿಲ್ಲ. ಹುಡುಗನಿಗೆ ಇದರಿಂದ ಸಂತೋಷವಾದಂತೆ ಕಾಣಲಿಲ್ಲ.

ಪಕ್ಕದಲ್ಲಿ ಸರದಿಗೆ ಕಾಯುತ್ತಿದ್ದುದು ಈ ಕಾಲದ ಸ್ಪೋರ್ಟ್ಸ್ ಬೈಕು. ಅದರಲ್ಲಿ ಜೆಟ್ಟೂ ಇಲ್ಲ, ಸೂಜಿಯೂ ಇಲ್ಲ. ಎಷ್ಟು ತಿರುಗಿಸಿದೆ, ಎಷ್ಟು ಸುತ್ತು ಎಂಬ ಎರಡು ಅಕ್ಷಗಳ ನಡುವೆ ನೂರಾರು ಮನೆಗಳ ಕೋಷ್ಟಕ. ಒಂದೊಂದು ಮನೆಯಲ್ಲೂ ಎಷ್ಟು ಪೆಟ್ರೋಲು ಚಿಮ್ಮಬೇಕೆಂಬ ಸಂಖ್ಯೆ. ನಮ್ಮ ಮಗ್ಗಿ ಪುಸ್ತಕದ ಹಾಗೆ. ಒಂದು ಪಾಲು ಪೆಟ್ರೋಲು ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. ಹೊಗೆಯನ್ನು ಶುದ್ಧಗೊಳಿಸುವ ಸಾಧನಕ್ಕೆ ಒಪ್ಪುವುದೂ ಅದೇ ಪ್ರಮಾಣ. ಬಲ ಹೆಚ್ಚು ಬರುವುದೋ ಸುಮಾರು 13ರಲ್ಲಿ. ಕಾರ್ಖಾನೆಗೆ ಕಾನೂನಿನ ಚಿಂತೆ, ಸವಾರನಿಗೆ ಬಲದ ಚಿಂತೆ. ಡೈನೋದ ವ್ಯಾಪಾರವೆಲ್ಲ ಈ ಎರಡರ ನಡುವಣ ಅಂತರದ ಮೇಲೆ ನಿಂತಿದೆ. ಆ ಬೈಕಿನ ಒಡೆಯ ಹೊಗೆ ಶುದ್ಧಿಯ ಸಾಧನವನ್ನೇ ಕಿತ್ತು ತಂದಿದ್ದ. ಅದು ನನಗೆ ಹಿಡಿಸಲಿಲ್ಲ. ಆದರೆ ಪಾಠ ಹೇಳಲು ಹೋದವನಲ್ಲವಲ್ಲ ನಾನು!

ಮಧ್ಯಾಹ್ನದ ಹೊತ್ತಿಗೆ ಷೆಡ್ಡಿಗೆ ಒಬ್ಬ ಹಿರಿಯ ಮೆಕ್ಯಾನಿಕ್ ಬಂದರು. ಅಕ್ಕನ ಮಗನ ಇಂಜಿನನ್ನು ಕಟ್ಟಿದವರು ಅವರೇ. ಗೆರೆಗಳನ್ನು ನೋಡಿ ತಲೆಯಾಡಿಸಿ, "ಸೆನ್ಸರು ಯಾವ ಸೈಲೆನ್ಸರಿನಲ್ಲಿ ಇಟ್ಟಿರಿ?" ಎಂದರು. ಬಲಗಡೆಯದು. "ಎಡದ್ದು?" ಯಾರೂ ಮಾತಾಡಲಿಲ್ಲ. ಈ ಗಾಡಿಗೆ ಎರಡು ಕಾರ್ಬ್ಯುರೇಟರು, ಎರಡು ಸೈಲೆನ್ಸರು. ಒಂದು ಚಾಸಿಯಲ್ಲಿ ಎರಡು ಇಂಜಿನು ಇದ್ದ ಹಾಗೆ. ಅಲ್ಲದೆ ಟೂ-ಸ್ಟ್ರೋಕಿನಲ್ಲಿ ಉರಿಯದ ಹೊಸ ಮಿಶ್ರಣವೂ ಸ್ವಲ್ಪ ಹೊರಕ್ಕೆ ಜಾರಿಹೋಗುತ್ತದೆ. ಅದರೊಳಗಿನ ಆಮ್ಲಜನಕವನ್ನೂ ಸಂವೇದಕ ಎಣಿಸಿಬಿಡುತ್ತದೆ. ಅದರ ಮಾತನ್ನು ಅರ್ಧ ನಂಬಬೇಕು ಎಂದರು ಅವರು. ಗಾಡಿಯನ್ನು ಪೂರ್ತಿ ವೇಗಕ್ಕೆ ಏರಿಸಿ, ಅಲ್ಲೇ ಕ್ಲಚ್ಚು ಹಿಡಿದು, ಇಂಜಿನು ನಿಲ್ಲಿಸಿ, ಎರಡೂ ಪ್ಲಗ್ಗುಗಳನ್ನು ಬಿಚ್ಚಿ ನನ್ನ ಅಂಗೈಯಲ್ಲಿಟ್ಟರು. ಬಲಗಡೆಯದರ ಪಿಂಗಾಣಿ ಹದವಾಗಿ ಹುರಿದ ಕಾಫಿಬೀಜದ ಬಣ್ಣ. ಎಡಗಡೆಯದು ಸುಣ್ಣದ ಹಾಗೆ ಬಿಳಿ.

ಬಿಳಿಯೆಂದರೆ ಪೆಟ್ರೋಲು ಸಾಲದು ಎಂದರ್ಥ. ಪೆಟ್ರೋಲು ಬರಿದೇ ಉರಿಯುವುದಿಲ್ಲ, ಆವಿಯಾಗುತ್ತ ಪಿಸ್ಟನ್ನಿನ ತಲೆಯನ್ನು ತಂಪಾಗಿಯೂ ಇಡುತ್ತದೆ. ಕಾರ್ಬ್ಯುರೇಟರಿಗೂ ಸಿಲಿಂಡರಿಗೂ ನಡುವಣ ಎಡಗಡೆಯ ರಬ್ಬರಿನಲ್ಲಿ ಕೂದಲೆಳೆಯ ಬಿರುಕಿತ್ತು. ಅದರಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಬರುತ್ತಿತ್ತು. ಹೊರಗಿನಿಂದ ನೋಡಿದರೆ ಅಚ್ಚುಕಟ್ಟಾಗಿಯೇ ಕಾಣುತ್ತಿದ್ದ ರಬ್ಬರು. ಬದಲಿಸಿದರು. ಶಿಖರ 27.4ಕ್ಕೆ ಏರಿತು. ಹುಡುಗ ಫೋನಿನಲ್ಲಿ ತೆರೆಯ ಚಿತ್ರ ತೆಗೆದುಕೊಂಡ.

ಆ ರಬ್ಬರು 1987ರಲ್ಲಿಯೂ ಬಿರಿದಿತ್ತೆ? ಹಾಗೆಂದು ನಂಬಲು ನನಗೆ ಎಷ್ಟು ಆಸೆಯಾಯಿತೆಂದು ಹೇಳಿದರೆ ನೀವು ನಗುತ್ತೀರಿ. ಮೆಕ್ಯಾನಿಕ್ಕನ್ನು ಕೇಳಿಯೂ ಕೇಳಿದೆ. "ಇಷ್ಟು ವರ್ಷ ಮೂಲೆಯಲ್ಲಿ ಬಿದ್ದ ರಬ್ಬರು ಬಿರಿಯದೆ ಏನು ಮಾಡುತ್ತದೆ, ಸಾರ್? ಆವತ್ತಿನದು ಆವತ್ತಿಗೇ ಗೊತ್ತು" ಎಂದುಬಿಟ್ಟರು.

ನಾನು ಅಲ್ಲೇ ಒಂದು ಬಿಲ್ಲಿನ ಹಿಂಬದಿಯಲ್ಲಿ ಆ ದಿನ ಮಾಡದೆ ಬಿಟ್ಟ ಲೆಕ್ಕವನ್ನು ಮಾಡಿದೆ. ಬೆಂಗಳೂರಿನಿಂದ ಕರಾವಳಿಗೆ ಇಳಿದರೆ ಇಂಜಿನು ಎಳೆದುಕೊಳ್ಳುವ ಗಾಳಿಯ ತೂಕ ನೂರಕ್ಕೆ ಸುಮಾರು ಒಂಬತ್ತು ಹೆಚ್ಚುತ್ತದೆ. ಜೆಟ್ಟಿನಿಂದ ಬರುವ ಪೆಟ್ರೋಲೂ ಹೆಚ್ಚುತ್ತದೆ, ನಿಜ. ಆದರೆ ಅದು ಸಾಂದ್ರತೆಯ ವರ್ಗಮೂಲವನ್ನು ಅನುಸರಿಸುವುದರಿಂದ ಗಾಳಿಯ ಅರ್ಧದಷ್ಟು ಮಾತ್ರ, ನೂರಕ್ಕೆ ನಾಲ್ಕೂವರೆ. ಉಳಿದ ನಾಲ್ಕೂವರೆ ಕೊರತೆ. ಜೆಟ್ಟನ್ನು ಮೊದಲೇ ಕಿರಿದು ಮಾಡಿ, ಆ ಕೊರತೆಯ ಮೇಲೆ ಇದನ್ನು ಹೇರಿದ್ದೆ ನಾನು. ಇಂದಿಗೆ ಇನ್ನೂ ಒಂದುಂಟು. 2025ರ ಹೊತ್ತಿಗೆ ನಮ್ಮ ಬಂಕುಗಳ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲು ಸೇರಿತು. ಎಥನಾಲು ತನ್ನ ತೂಕದ ಒಂಬತ್ತು ಪಟ್ಟು ಗಾಳಿಗೇ ತೃಪ್ತ. ಆದ್ದರಿಂದ ಈ ಮಿಶ್ರಣಕ್ಕೆ 14.7ರ ಬದಲು ಸುಮಾರು 13.5 ಸಾಕು. ಹಳೆಯ ಜೆಟ್ಟಿಗೆ ಹಳೆಯ ಪೆಟ್ರೋಲು ಮಾತ್ರ ಗೊತ್ತು. ಅಲ್ಲಿಯೂ ನೂರಕ್ಕೆ ಎಂಟರಷ್ಟು ಕೊರತೆ.

ಕಾಗದವನ್ನು ಹುಡುಗನಿಗೆ ಕೊಟ್ಟೆ. ಮೆಕ್ಯಾನಿಕ್ಕೂ ಬಗ್ಗಿ ನೋಡಿ, ಎರಡು ಕಡೆಗೂ ದೊಡ್ಡ ಜೆಟ್ಟು ಹಾಕೋಣ ಎಂದರು. ಹಾಕಿ ಓಡಿಸಿದಾಗ ಶಿಖರ 26.6. ಬೆಂಗಳೂರಿನ ಗಾಳಿಗೆ ಅಷ್ಟು ಪೆಟ್ರೋಲು ಹೆಚ್ಚೇ.

"ಇಳೀತಲ್ಲ ಮಾವ" ಎಂದ.

"ಇಳೀತು."

ಅವನು ಗೆರೆಯನ್ನು ಬಹಳ ಹೊತ್ತು ನೋಡಿದ. 27.4ರ ಜೆಟ್ಟುಗಳು ಎಣ್ಣೆಬಟ್ಟೆಯ ಮೇಲೆ ಹೊಳೆಯುತ್ತಿದ್ದವು. ಕೊನೆಗೆ ಅವನ್ನು ಬಟ್ಟೆಯಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು, "ದೊಡ್ಡದೇ ಇರಲಿ" ಎಂದ. ಫೋನಿನ ಚಿತ್ರವನ್ನು ಮಾತ್ರ ಅಳಿಸಲಿಲ್ಲ.

ಸಂಜೆ ಅಕ್ಕನ ಮನೆಗೆ ಹೋದೆವು. ಭಾವ ವರಾಂಡದಲ್ಲಿ ಕಾಲು ಚಾಚಿ ಕುಳಿತಿದ್ದರು. ಬಿಳಿಯ ಪ್ಲಗ್ಗನ್ನು ಜೇಬಿನಿಂದ ತೆಗೆದು ಅವರ ಕೈಗಿತ್ತೆ. ಯಾಕೆ ತಂದಿದ್ದೆನೋ ನನಗೇ ತಿಳಿಯದು. ಕನ್ನಡಕ ಏರಿಸಿ, ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

"ಎಡಗಡೇದೇನೋ?"

"ಹೌದು, ಭಾವ."

"ದೊಡ್ಡ ಜೆಟ್ಟು ಹಾಕಿಸಿದೆಯಾ?"

ಹಾಕಿಸಿದೆವು ಎಂದೆ. ಪ್ಲಗ್ಗನ್ನು ಹಿಂದಿರುಗಿಸದೆ ಅಂಗಿಯ ಜೇಬಿಗೆ ಹಾಕಿಕೊಂಡು, ಯಾವಾಗ ಹೊರಡುವುದು ಎಂದು ಮಗನನ್ನು ಕೇಳಿದರು.